ಕಡಲ ನಡುವೆ ಒಂದು ಕಾಲೇಜು

ನಡುರಾತ್ರಿ. ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಎತ್ತ ನೋಡಿದರೂ ನೀರೇ ನೀರು. ಎರಡು ಕಂಬಗಳ ಬಿಳಿಯ ಹಾಯಿ ಹಡಗೊಂದು ಮನುಷ್ಯ ನಡೆಯುವಷ್ಟು ನಿಧಾನವಾಗಿ ಸಾಗುತ್ತಿದೆ. ಅದರ ಪಕ್ಕದಲ್ಲಿ ಒಂದು ಮೀಟರ್ ಅಗಲದ ಬಾಯಿಯುಳ್ಳ ಬಲೆ ನೀರಿನ ಮೇಲ್ಮೈಯನ್ನು ಗೋರುತ್ತಾ ಬರುತ್ತಿದೆ. ಬಲೆ ಹಾದುಹೋದ ಕಡೆಯಲ್ಲೆಲ್ಲಾ ಸೂಕ್ಷ್ಮಜೀವಿಗಳು ಹೊಮ್ಮಿಸುವ ನೀಲಿ ಬೆಳಕು ಕ್ಷಣಕಾಲ ಮಿನುಗಿ ಆರುತ್ತದೆ. ಅರ್ಧ ಗಂಟೆಯ ನಂತರ ಬಲೆಯನ್ನು ಮೇಲೆತ್ತುತ್ತಾರೆ. ತೂಗಾಡುವ ಹಡಗಿನ ಪುಟ್ಟ ಪ್ರಯೋಗಶಾಲೆಯಲ್ಲಿ ಇಬ್ಬರು ಕುಳಿತು, ಚಿಮುಟದಿಂದ ಒಂದೊಂದೇ ಚೂರನ್ನು ಹೆಕ್ಕಿ ಎಣಿಸುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ! ಆ ಚೂರುಗಳು ಮುತ್ತೂ ಅಲ್ಲ, ಹವಳವೂ ಅಲ್ಲ. ಬರೀ ಪ್ಲಾಸ್ಟಿಕ್.

ಎಣಿಸುತ್ತಿರುವವರು ಹೆಸರಾಂತ ವಿಜ್ಞಾನಿಗಳಲ್ಲ. ಇಪ್ಪತ್ತರ ಆಸುಪಾಸಿನ ಕಾಲೇಜು ಹುಡುಗ ಹುಡುಗಿಯರು. ಅವರಲ್ಲಿ ಸಾಹಿತ್ಯ ಓದುವವರಿದ್ದರು, ಇತಿಹಾಸ ಓದುವವರಿದ್ದರು. ಹಡಗು ಹತ್ತುವ ಮೊದಲು ಹಗ್ಗಕ್ಕೆ ಗಂಟು ಹಾಕಲೂ ಬಾರದಿದ್ದವರೇ ಹೆಚ್ಚು. ಇಂಥ ಏಳು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಇಪ್ಪತ್ತೆರಡು ವರ್ಷಗಳ ಕಾಲ ಸರದಿಯಂತೆ ಎಣಿಸಿ ಬರೆದಿಟ್ಟ ಲೆಕ್ಕ, 2010ರಲ್ಲಿ ಜಗತ್ತಿನ ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಾದ 'ಸೈನ್ಸ್'ನಲ್ಲಿ ಪ್ರಕಟವಾಯಿತು.

ಇದು ಸಾಧ್ಯವಾದದ್ದು ಹೇಗೆ? ಅದಕ್ಕೆ ಆ ಹಡಗಿನ ಕಥೆಯನ್ನೂ ಅದು ಹೊರಟ ಊರಿನ ಕಥೆಯನ್ನೂ ತಿಳಿಯಬೇಕು.

ಹಳ್ಳಿಯಷ್ಟು ಊರು, ಸಾಗರದಷ್ಟು ವಿಜ್ಞಾನ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪೂರ್ವ ತೀರದಲ್ಲಿ, ಮಡಚಿದ ತೋಳಿನಂತೆ ಸಮುದ್ರಕ್ಕೆ ಚಾಚಿಕೊಂಡಿರುವ ಭೂಭಾಗಕ್ಕೆ ಕೇಪ್ ಕಾಡ್ ಎಂದು ಹೆಸರು. ಅದರ ಮೂಲೆಯಲ್ಲಿರುವ ಚಿಕ್ಕ ಊರು ವುಡ್ಸ್ ಹೋಲ್. ಊರು ಚಿಕ್ಕದಾದರೂ ಸಾಗರ ವಿಜ್ಞಾನದ ಮಟ್ಟಿಗೆ ಅದೊಂದು ಯಾತ್ರಾಸ್ಥಳ. 1871ರಲ್ಲಿಯೇ ಅಲ್ಲಿ ಮೀನುಗಾರಿಕೆಯ ಸಂಶೋಧನೆ ಆರಂಭವಾಯಿತು. 1888ರಲ್ಲಿ ಸಾಗರ ಜೀವವಿಜ್ಞಾನದ ಪ್ರಯೋಗಾಲಯ ಬಂತು. 1930ರಲ್ಲಿ ಸಾಗರ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಆ ಸಂಸ್ಥೆಯ ಮೊದಲ ಸಂಶೋಧನಾ ನೌಕೆ 'ಅಟ್ಲಾಂಟಿಸ್' ಕೂಡ ಹಾಯಿ ಹಡಗೇ ಆಗಿತ್ತು.

'ಸೀ ಎಜುಕೇಶನ್ ಅಸೋಸಿಯೇಶನ್' ಎಂಬ ಸಂಸ್ಥೆ 1970ರ ದಶಕದಲ್ಲಿ ಈ ಊರಿಗೆ ಬಂದು ನೆಲೆಸಿತು. ಕಾರ್ವಿತ್ ಕ್ರೇಮರ್ ಮತ್ತು ಎಡ್ವರ್ಡ್ ಮ್ಯಾಕಾರ್ಥರ್ ಎಂಬ ಇಬ್ಬರು 1971ರಲ್ಲಿ ಅದನ್ನು ಆರಂಭಿಸಿದ್ದರು. ಕಾಲೇಜು ವಿದ್ಯಾರ್ಥಿಗಳಿಗೆ ಕಡಲನ್ನು ಕಡಲಿನಲ್ಲಿಯೇ ಕಲಿಸಬೇಕು ಎಂಬುದು ಅವರ ಹಂಬಲ. 'ವೆಸ್ಟ್‌ವರ್ಡ್' ಎಂಬ ಹಾಯಿ ಹಡಗನ್ನು ಕೊಂಡು ಅವರು ಪಾಠ ಶುರುಮಾಡಿದರು. 1987ರಲ್ಲಿ ಸ್ಪೇನಿನ ಬಿಲ್ಬಾವೊ ಬಂದರಿನಲ್ಲಿ ಸಂಸ್ಥೆಗೆಂದೇ ಹೊಸ ಹಡಗು ಸಿದ್ಧವಾಯಿತು. ಉಕ್ಕಿನ ಒಡಲು, ಎರಡು ಕಂಬ, ಸುಮಾರು 134 ಅಡಿ ಉದ್ದ. ಅದಕ್ಕೆ ಸಂಸ್ಥಾಪಕರ ಹೆಸರನ್ನೇ ಇಟ್ಟರು: 'ಕಾರ್ವಿತ್ ಕ್ರೇಮರ್'. 2001ರಲ್ಲಿ ಶಾಂತ ಸಾಗರದ ಯಾನಗಳಿಗಾಗಿ 'ರಾಬರ್ಟ್ ಸಿ. ಸೀಮನ್ಸ್' ಎಂಬ ಇನ್ನೊಂದು ಹಡಗು ಸೇರಿಕೊಂಡಿತು.

ತರಬೇತಿಯ ಹಾಯಿ ಹಡಗುಗಳು ಬೇರೆ ದೇಶಗಳಿಗೆ ಹೊಸವೇನಲ್ಲ. ಗೋವಾದಲ್ಲಿ ನಿರ್ಮಾಣವಾಗಿ 1997ರಲ್ಲಿ ಭಾರತದ ನೌಕಾಪಡೆಯನ್ನು ಸೇರಿದ 'ಐಎನ್ಎಸ್ ತರಂಗಿಣಿ' 2003-04ರಲ್ಲಿ ಭೂಪ್ರದಕ್ಷಿಣೆಯನ್ನೇ ಮಾಡಿಬಂದಿದೆ. ಆದರೆ ಅಂಥ ಹಡಗುಗಳ ಉದ್ದೇಶ ನಾವಿಕರನ್ನು ತಯಾರು ಮಾಡುವುದು. ವುಡ್ಸ್ ಹೋಲ್‌ನ ಹಡಗುಗಳ ವಿಶೇಷವೆಂದರೆ ಅಲ್ಲಿ ಹಾಯಿಯ ಜೊತೆಗೆ ಪ್ರಯೋಗಶಾಲೆಯೂ ಇತ್ತು.

ತಂದೆ ತಾಯಿಯರ ಭಯ

ಮಕ್ಕಳನ್ನು ಆರು ವಾರ ನಡುಗಡಲಿಗೆ ಕಳುಹಿಸುವುದೆಂದರೆ ಯಾವ ತಂದೆ ತಾಯಿಯ ಎದೆ ಡವಗುಟ್ಟುವುದಿಲ್ಲ? ಆ ಭಯಕ್ಕೆ ಕಾರಣವೂ ಇತ್ತು.

1961ರ ಮೇ 2ರಂದು 'ಆಲ್ಬಟ್ರಾಸ್' ಎಂಬ ಹಾಯಿ ಹಡಗು ಮೆಕ್ಸಿಕೊ ಕೊಲ್ಲಿಯಲ್ಲಿ ಸಾಗುತ್ತಿತ್ತು. ಅದೂ ಒಂದು ತೇಲುವ ಶಾಲೆ. ಹದಿಹರೆಯದ ಹುಡುಗರು ಅದರಲ್ಲಿ ಪಾಠ ಕಲಿಯುತ್ತಾ ತಿಂಗಳುಗಟ್ಟಲೆ ಸುತ್ತಿ ಮರಳುತ್ತಿದ್ದರು. ಹಠಾತ್ತನೆ ಬಂದ ಗಾಳಿಯ ಹೊಡೆತಕ್ಕೆ ಹಡಗು ಮಗ್ಗುಲಾಗಿ, ನೋಡನೋಡುತ್ತಿದ್ದಂತೆಯೇ ಮುಳುಗಿತು. ನಾಲ್ವರು ವಿದ್ಯಾರ್ಥಿಗಳು, ಅಡುಗೆಯವರು, ವೈದ್ಯೆಯಾಗಿದ್ದ ಕಪ್ತಾನರ ಪತ್ನಿ - ಹೀಗೆ ಆರು ಮಂದಿ ಜಲಸಮಾಧಿಯಾದರು. ಉಳಿದವರು ಪ್ರಾಣರಕ್ಷಕ ದೋಣಿಗಳಲ್ಲಿ ತೇಲುತ್ತಿದ್ದು, ಒಂದು ಡಚ್ ಸರಕು ಹಡಗಿನ ಕಣ್ಣಿಗೆ ಬಿದ್ದು ಬದುಕಿದರು. ಗಾಳಿಯೇ ಅಂಥದ್ದಾಗಿತ್ತು ಎಂದರು ಕಪ್ತಾನರು. ಹಡಗಿನ ಸಮತೋಲನವೇ ಸಾಲದಾಗಿತ್ತು ಎಂದು ಮುಂದೆ ವಾದಿಸಿದವರೂ ಉಂಟು.

ಈ ದುರಂತವನ್ನು ಅಮೆರಿಕ ಮರೆಯಲಿಲ್ಲ. ಅಲ್ಲಿನ ಸಂಸತ್ತು 1982ರಲ್ಲಿ ಹಾಯಿ ಶಾಲಾ ಹಡಗುಗಳಿಗೆಂದೇ ಕಾನೂನು ಮಾಡಿತು. ಅದರ ಪ್ರಕಾರ ಇಂಥ ಹಡಗಿನ ವಿದ್ಯಾರ್ಥಿ ಪ್ರಯಾಣಿಕನೂ ಅಲ್ಲ, ಸಂಬಳದ ನಾವಿಕನೂ ಅಲ್ಲ. ಕಲಿಯಲು ಬಂದು ದುಡಿಯುವವನು. ಅವನಿಗೆ ಸುರಕ್ಷತೆಯ ತರಬೇತಿ ಕಡ್ಡಾಯ. ಹಡಗಿನ ಸಮತೋಲನಕ್ಕೂ ನಿಯಮಗಳು ಬಂದವು. 'ಕಾರ್ವಿತ್ ಕ್ರೇಮರ್' ಕಟ್ಟಿದ್ದು ಈ ಕಾನೂನು ಬಂದ ಮೇಲೆ. ಹಡಗು ಹತ್ತಿದವರಿಗೆ ಮೊದಲ ಪಾಠ ನಕ್ಷತ್ರದ್ದಲ್ಲ, ಮೀನಿನದ್ದೂ ಅಲ್ಲ. ಬೆಂಕಿ ಹತ್ತಿದರೆ ಏನು ಮಾಡಬೇಕು, ಯಾರಾದರೂ ನೀರಿಗೆ ಬಿದ್ದರೆ ಯಾರು ಎಲ್ಲಿ ನಿಲ್ಲಬೇಕು ಎಂಬುದರ ಅಭ್ಯಾಸ. ಭಯವನ್ನು ಹೋಗಲಾಡಿಸುವ ಬದಲು ಅದಕ್ಕೊಂದು ಕೆಲಸ ಕೊಡುವ ಕ್ರಮ ಇದು.

ಮೂರು ತಂಡ, ಐದು ಪಾಳಿ

ಕಾರ್ಯಕ್ರಮ ಒಟ್ಟು ಹನ್ನೆರಡು ವಾರ. ಮೊದಲ ಆರು ವಾರ ದಡದಲ್ಲಿ ಸಾಗರ ವಿಜ್ಞಾನ, ನೌಕಾಯಾನ, ಕಡಲಿನ ಇತಿಹಾಸ ಮತ್ತು ಸಾಹಿತ್ಯದ ಪಾಠ. ಪ್ರತಿಯೊಬ್ಬರೂ ಅಲ್ಲಿಯೇ ತಮ್ಮ ಸಂಶೋಧನೆಯ ಪ್ರಶ್ನೆಯನ್ನು ಸಿದ್ಧಪಡಿಸಬೇಕಿತ್ತು. ಉಳಿದ ಆರು ವಾರ ಸಮುದ್ರ. ಇಪ್ಪತ್ತೈದರಷ್ಟು ವಿದ್ಯಾರ್ಥಿಗಳು; ಕಪ್ತಾನ, ಮುಖ್ಯ ವಿಜ್ಞಾನಿ, ಸಹಾಯಕರು, ಎಂಜಿನಿಯರ್, ಅಡುಗೆಯವರು ಸೇರಿ ಹತ್ತು ಮಂದಿ ಸಿಬ್ಬಂದಿ.

ಹಡಗಿಗೆ ರಾತ್ರಿಯಿಲ್ಲ, ಭಾನುವಾರವಿಲ್ಲ. ಆದ್ದರಿಂದ ವಿದ್ಯಾರ್ಥಿಗಳನ್ನು ಮೂರು ತಂಡ ಮಾಡಿ, ದಿನವನ್ನು ಐದು ಪಾಳಿಗಳಾಗಿ ಹಂಚುತ್ತಿದ್ದರು. ಬೆಳಿಗ್ಗೆ 7ರಿಂದ 1, ಮಧ್ಯಾಹ್ನ 1ರಿಂದ 7 - ಇವು ಆರಾರು ಗಂಟೆ. ರಾತ್ರಿ 7ರಿಂದ 11, 11ರಿಂದ 3, 3ರಿಂದ 7 - ಇವು ನಾಲ್ಕು ನಾಲ್ಕು ಗಂಟೆ. ಮೂರು ತಂಡ, ಐದು ಪಾಳಿ ಏಕೆ? ಐದನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುತ್ತದಲ್ಲ, ಅದೇ ಇದರ ಗುಟ್ಟು. ಒಂದೇ ತಂಡಕ್ಕೆ ದಿನವೂ ನಡುರಾತ್ರಿಯ ಪಾಳಿ ಬರುವುದಿಲ್ಲ. ಮೂರು ದಿನಗಳಲ್ಲಿ ಪ್ರತಿ ತಂಡವೂ ಐದೂ ಪಾಳಿಗಳನ್ನು ಒಂದೊಂದು ಸಲ ಮಾಡಿ ಮುಗಿಸುತ್ತದೆ. ಗಣಿತದಿಂದ ನ್ಯಾಯ ಹಂಚುವುದೆಂದರೆ ಇದೇ!

ಪಾಳಿಯಲ್ಲಿದ್ದವರಲ್ಲಿ ಒಬ್ಬರು ಚುಕ್ಕಾಣಿ ಹಿಡಿಯಬೇಕು, ಒಬ್ಬರು ಮುಂಭಾಗದಲ್ಲಿ ನಿಂತು ಕಾವಲು ಕಾಯಬೇಕು. ಗಂಟೆಗೊಮ್ಮೆ ಒಬ್ಬರು ಎಂಜಿನ್ ಕೋಣೆಯಿಂದ ಹಿಡಿದು ಇಡೀ ಹಡಗನ್ನು ಸುತ್ತಿ ತಪಾಸಣೆ ಮಾಡಬೇಕು. ಇನ್ನಿಬ್ಬರು ಪ್ರಯೋಗಶಾಲೆಯಲ್ಲಿ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದೂ ಪಾಠದ ಭಾಗವೇ. ಹಡಗು ವಾಲಿದರೂ ತಟ್ಟೆಗಳು ಜಾರದಂತೆ ಊಟದ ಮೇಜುಗಳು ತೊಟ್ಟಿಲಿನ ಹಾಗೆ ತೂಗುತ್ತಿದ್ದವು. ಮೊದಲ ಮೂರು ನಾಲ್ಕು ದಿನ ಆ ಮೇಜಿನ ಹತ್ತಿರ ಸುಳಿಯದವರೇ ಹೆಚ್ಚು; ಕಡಲಬೇನೆ ಯಾರನ್ನೂ ಬಿಡದು. ಸಿಹಿನೀರಿನ ಉಳಿತಾಯಕ್ಕಾಗಿ ಸ್ನಾನಕ್ಕೂ ಸರದಿ.

ಮೊದಲ ವಾರಗಳಲ್ಲಿ ಅಧಿಕಾರಿಗಳು ಹೇಳಿದ್ದನ್ನು ಮಾಡುವುದು. ನಂತರ ಅವರ ಬೆನ್ನಿಗೆ ನಿಂತು ನಿರ್ಧಾರಗಳನ್ನು ಕಲಿಯುವುದು. ಕೊನೆಯ ಹಂತದಲ್ಲಿ ವಿದ್ಯಾರ್ಥಿಯೇ ಪಾಳಿಯ ಮುಖ್ಯಸ್ಥ. ಯಾವ ಹಾಯಿ ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ಅವನೋ ಅವಳೋ ಹೇಳಬೇಕು. ಅಧಿಕಾರಿ ಪಕ್ಕದಲ್ಲಿಯೇ ಇರುತ್ತಾರೆ. ಆದರೆ ತೀರಾ ಅಗತ್ಯ ಬಿದ್ದ ಹೊರತು ಬಾಯಿ ಬಿಡುವುದಿಲ್ಲ. ಕಲಿಸುವವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ಸೂರ್ಯನನ್ನು ಅಳೆಯುವುದು

ಪ್ರತಿ ಮಧ್ಯಾಹ್ನ ಡೆಕ್ಕಿನ ಮೇಲೆ ವಿದ್ಯಾರ್ಥಿಗಳು ಸೆಕ್ಸ್ಟೆಂಟ್ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಕ್ಷಿತಿಜದಿಂದ ಸೂರ್ಯ ಎಷ್ಟು ಡಿಗ್ರಿ ಮೇಲಿದ್ದಾನೆ ಎಂದು ತೋರಿಸುವ ಸಾಧನ ಅದು. ಸೂರ್ಯ ನೇರವಾಗಿ ಸಮಭಾಜಕ ವೃತ್ತದ ಮೇಲಿರುವ ಮಾರ್ಚ್ 21ರ ಸುಮಾರಿಗೆ ಲೆಕ್ಕ ಬಹಳ ಸುಲಭ. ನಡುಹಗಲಿನ ಸೂರ್ಯ 58 ಡಿಗ್ರಿ ಎತ್ತರದಲ್ಲಿ ಕಂಡರೆ, 90ರಿಂದ 58 ಕಳೆಯಿರಿ. ಉಳಿಯುವ 32 ಡಿಗ್ರಿಯೇ ಹಡಗಿರುವ ಅಕ್ಷಾಂಶ. ಅಂದರೆ ಬರ್ಮುಡಾ ದ್ವೀಪದ ಸಾಲಿನಲ್ಲಿ ಹಡಗಿದೆ ಎಂದಾಯಿತು. ಅದೇ ದಿನ ಬೆಂಗಳೂರಿನಲ್ಲಿ ಅಳೆದರೆ ಸೂರ್ಯ 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೆಂಗಳೂರಿನ ಅಕ್ಷಾಂಶ 13. ಒಂದು ಕೋಲು, ಅದರ ನೆರಳು, ಒಂದು ಕೋನಮಾಪಕ ಇದ್ದರೆ ಶಾಲೆಯ ಅಂಗಳದಲ್ಲಿಯೂ ಮಾಡಿ ನೋಡಬಹುದಾದ ಪ್ರಯೋಗ ಇದು.

ಇನ್ನು ರೇಖಾಂಶಕ್ಕೆ ಬೇಕಾದದ್ದು ಸರಿಯಾದ ಗಡಿಯಾರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗ್ರೀನಿಚ್‌ನಲ್ಲಿ ಮಧ್ಯಾಹ್ನವಾಗಿ ನಾಲ್ಕು ಗಂಟೆಯ ನಂತರ ಹಡಗಿನಲ್ಲಿ ಮಧ್ಯಾಹ್ನವಾದರೆ, ಹಡಗು 60 ಡಿಗ್ರಿ ಪಶ್ಚಿಮದಲ್ಲಿದೆ ಎಂದರ್ಥ. ಉಪಗ್ರಹಗಳು ಕ್ಷಣಾರ್ಧದಲ್ಲಿ ಸ್ಥಾನ ತಿಳಿಸುವ ಕಾಲದಲ್ಲಿ ಇದೇಕೆ? ತಾನೆಲ್ಲಿದ್ದೇನೆ ಎಂಬುದನ್ನು ತನ್ನ ಕಣ್ಣಿನಿಂದಲೂ ತನ್ನ ಲೆಕ್ಕದಿಂದಲೂ ಕಂಡುಕೊಂಡವನು ಯಂತ್ರ ಹೇಳುವುದನ್ನು ಪರೀಕ್ಷಿಸಬಲ್ಲ. ಉಳಿದವರು ನಂಬಬಲ್ಲರು, ಅಷ್ಟೆ.

ಗಾಳಿಯಿಂದಲೇ ಹಡಗನ್ನು ನಿಲ್ಲಿಸುವ ಉಪಾಯವೂ ಸ್ವಾರಸ್ಯಕರ. ಮುಂದಿನ ಕಂಬದ ಚೌಕದ ಹಾಯಿಗಳಿಗೆ ಗಾಳಿ ಎದುರಿನಿಂದ ಬಡಿಯುವಂತೆ ತಿರುಗಿಸುತ್ತಾರೆ. ಅವು ಹಡಗನ್ನು ಹಿಂದಕ್ಕೆ ನೂಕುತ್ತವೆ. ಹಿಂದಿನ ಕಂಬದ ಹಾಯಿ ಮುಂದಕ್ಕೆ ನೂಕುತ್ತದೆ. ಎರಡೂ ಬಲಗಳು ಸರಿದೂಗಿ ಹಡಗು ಹೆಚ್ಚು ಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಆಗ ಉಕ್ಕಿನ ತಂತಿಗೆ ಕಟ್ಟಿದ ಉಪಕರಣಗಳನ್ನು ಆಳಕ್ಕೆ ಇಳಿಸುತ್ತಾರೆ. ಅವು ಪ್ರತಿ ಆಳದಲ್ಲಿಯೂ ನೀರಿನ ಉಷ್ಣತೆ, ಉಪ್ಪಿನಂಶಗಳನ್ನು ದಾಖಲಿಸುತ್ತವೆ. ಬೇಕಾದ ಆಳದ ನೀರನ್ನು ಸೀಸೆಗಳಲ್ಲಿ ತುಂಬಿ ತರುತ್ತವೆ. ಒಮ್ಮೊಮ್ಮೆ ಆ ತಂತಿಯ ಜೊತೆ ವಿದ್ಯಾರ್ಥಿಗಳು ಬಣ್ಣದಿಂದ ಚಿತ್ರ ಬರೆದ ಥರ್ಮೊಕೋಲ್ ಲೋಟಗಳನ್ನೂ ಚೀಲದಲ್ಲಿ ಕಟ್ಟಿ ಇಳಿಸುವುದುಂಟು. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಸಾವಿರ ಮೀಟರ್ ಇಳಿದು ಬಂದ ಲೋಟ ತನ್ನೊಳಗಿನ ಗಾಳಿಯನ್ನೆಲ್ಲಾ ಕಳೆದುಕೊಂಡು ಪುಟ್ಟ ಆಟಿಕೆಯಂತಾಗಿರುತ್ತದೆ. ಒತ್ತಡದ ಪಾಠವನ್ನು ಆ ಮಕ್ಕಳು ಮತ್ತೆಂದೂ ಮರೆಯಲಾರರು.

ದಡವಿಲ್ಲದ ಸಮುದ್ರ

ಈ ಯಾನಗಳು ಅನೇಕ ಸಲ ಹಾದುಹೋಗುತ್ತಿದ್ದದ್ದು ಸರ್ಗಾಸೊ ಸಮುದ್ರವನ್ನು. ಜಗತ್ತಿನಲ್ಲಿ ನೆಲದ ದಡವೇ ಇಲ್ಲದ ಸಮುದ್ರ ಇದೊಂದೇ. ನಾಲ್ಕೂ ಕಡೆ ಅದಕ್ಕೆ ಸಾಗರ ಪ್ರವಾಹಗಳೇ ಎಲ್ಲೆ. ಸರ್ಗಾಸಮ್ ಎಂಬ ಕಂದುಬಣ್ಣದ ಪಾಚಿ ಅಲ್ಲಿ ಚಾಪೆಗಳಂತೆ ತೇಲುತ್ತದೆ. ದ್ರಾಕ್ಷಿಯಂಥ ಗಾಳಿಗುಳ್ಳೆಗಳು ಅದನ್ನು ತೇಲಿಸುತ್ತವೆ. 1492ರಲ್ಲಿ ಕೊಲಂಬಸ್ ಇದರ ನಡುವೆಯೇ ಹಾದುಹೋದ. ಆ ಪಾಚಿಯ ಬಣ್ಣವನ್ನೇ ಹೊತ್ತು ಅದರೊಳಗೆ ಅಡಗಿ ಬಾಳುವ ಮೀನುಗಳಿವೆ, ಏಡಿಗಳಿವೆ. ಯೂರೋಪ್ ಮತ್ತು ಅಮೆರಿಕದ ನದಿಗಳ ಹಾವುಮೀನುಗಳು ಮೊಟ್ಟೆಯಿಡಲು ಸಾವಿರಾರು ಕಿಲೋಮೀಟರ್ ಈಜಿ ಈ ಪ್ರದೇಶಕ್ಕೇ ಬರುತ್ತವೆ ಎಂಬುದನ್ನು ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ 1920ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಎಲೆಯಂತೆ ಚಪ್ಪಟೆಯಾದ, ಗಾಜಿನಂತೆ ಪಾರದರ್ಶಕವಾದ ಆ ಮರಿಗಳು ವಿದ್ಯಾರ್ಥಿಗಳ ಬಲೆಗೂ ಬೀಳುತ್ತಿದ್ದವು. ಕೆರೆಯ ನೀರಿನ ಮೇಲೆ ಓಡಾಡುವ ಉದ್ದ ಕಾಲಿನ ಕೀಟದ ಕಡಲ ಬಂಧುವೂ ಸಿಗುತ್ತಿತ್ತು. ನಡುಗಡಲಿನಲ್ಲಿ ಬದುಕಬಲ್ಲ ಕೀಟವೆಂದರೆ ಅದರ ಕುಲ ಮಾತ್ರ.

ಈ ಜೀವಿಗಳಿಗಾಗಿಯೇ ಬೀಸಿದ ಬಲೆಯಲ್ಲಿ ಕರೆಯದೆ ಬಂದ ಅತಿಥಿ ಪ್ಲಾಸ್ಟಿಕ್. ಸರ್ಗಾಸೊದಲ್ಲಿ ಅದನ್ನು ಮೊದಲು ಗುರುತಿಸಿ ವರದಿ ಮಾಡಿದವರು ವುಡ್ಸ್ ಹೋಲ್‌ನ ವಿಜ್ಞಾನಿ ಎಡ್ವರ್ಡ್ ಕಾರ್ಪೆಂಟರ್ ಮತ್ತು ಅವರ ಸಹೋದ್ಯೋಗಿ. ಅದು 1972ರಲ್ಲಿ. ಚದರ ಕಿಲೋಮೀಟರಿಗೆ ಸರಾಸರಿ 3,500 ಚೂರುಗಳು ಎಂದು ಅವರು ಬರೆದರು. ಎಲ್ಲಿಯೋ ಎಸೆದದ್ದು ಅಲ್ಲಿಯೇ ಏಕೆ ಸೇರಬೇಕು? ಭೂಮಿಯ ತಿರುಗುವಿಕೆಯಿಂದಾಗಿ ಉತ್ತರ ಗೋಳಾರ್ಧದಲ್ಲಿ ಗಾಳಿ ದಬ್ಬಿದ ಮೇಲ್ಮೈ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಸರಿಯುತ್ತದೆ. ದಕ್ಷಿಣದಲ್ಲಿ ಬೀಸುವ ವಾಣಿಜ್ಯ ಮಾರುತಗಳು ನೀರನ್ನು ಉತ್ತರಕ್ಕೆ ಸರಿಸುತ್ತವೆ. ಉತ್ತರದಲ್ಲಿ ಬೀಸುವ ಪಶ್ಚಿಮ ಮಾರುತಗಳು ದಕ್ಷಿಣಕ್ಕೆ ಸರಿಸುತ್ತವೆ. ಹೀಗೆ ನಡುವೆ ಬಂದು ಸೇರಿದ ನೀರು ಕೆಳಗಿಳಿಯುತ್ತದೆ. ತೇಲುವ ವಸ್ತು ಮೇಲೆಯೇ ಉಳಿಯುತ್ತದೆ.

ಎಣಿಕೆಯ ಫಲ

1986ರಿಂದ 2008ರವರೆಗೆ ಸಂಸ್ಥೆಯ ಹಡಗುಗಳು ಅಟ್ಲಾಂಟಿಕ್ ಮತ್ತು ಕೆರಿಬಿಯನ್‌ನಲ್ಲಿ 6,100ಕ್ಕೂ ಹೆಚ್ಚು ಸಲ ಬಲೆ ಎಳೆದವು. ಪ್ರತಿ ಸಲವೂ ಅದೇ ಬಗೆಯ ಬಲೆ, ಅದೇ ಕ್ರಮ. ಎಣಿಸಿದ ಚೂರುಗಳು 64,000ಕ್ಕೂ ಹೆಚ್ಚು. 1997ರ ಒಂದು ಎಳೆತದಲ್ಲಿ ಸಿಕ್ಕ ಚೂರುಗಳೇ 1,069. ಬಲೆಯ ಅಗಲ ಒಂದು ಮೀಟರ್, ಎಳೆದ ದೂರ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಭಾಗಿಸಿ ನೋಡಿ: ಚದರ ಕಿಲೋಮೀಟರಿಗೆ ಸುಮಾರು 5,80,000 ಚೂರು! ಕಾರಾ ಲ್ಯಾವೆಂಡರ್ ಲಾ ಮತ್ತು ಸಂಗಡಿಗರು ಈ ಎಲ್ಲ ಲೆಕ್ಕವನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದರು. ಸಿಕ್ಕ ಚೂರುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಉತ್ತರ ಅಕ್ಷಾಂಶ 22ರಿಂದ 38ರ ನಡುವಿನವು ಎಂಬುದು ತಿಳಿಯಿತು.

ಇನ್ನೊಂದು ಸಂಗತಿ ಎಲ್ಲರನ್ನೂ ಅಚ್ಚರಿಗೊಳಿಸಿತು. ಆ ಇಪ್ಪತ್ತೆರಡು ವರ್ಷಗಳಲ್ಲಿ ಜಗತ್ತಿನ ಪ್ಲಾಸ್ಟಿಕ್ ಉತ್ಪಾದನೆ ಹಲವು ಪಟ್ಟು ಏರಿತ್ತು. ಆದರೆ ಚೂರುಗಳು ಅತಿ ಹೆಚ್ಚಾಗಿದ್ದ ಪ್ರದೇಶದಲ್ಲಿ ಅವುಗಳ ಪ್ರಮಾಣ ಏರಿದ್ದು ಕಾಣಲಿಲ್ಲ. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಬಲೆಯ ಕಣ್ಣು ಮಿಲಿಮೀಟರಿನ ಮೂರನೆಯ ಒಂದು ಭಾಗ. ಅದಕ್ಕಿಂತ ಸಣ್ಣದಾಗಿ ಪುಡಿಯಾಗಿರಬಹುದು. ಜೀವಿಗಳು ಅಂಟಿಕೊಂಡು ಭಾರವಾಗಿ ಮುಳುಗಿರಬಹುದು, ಪ್ರಾಣಿಗಳು ತಿಂದಿರಬಹುದು. ಗಾಳಿಯ ಪಾತ್ರವೂ ಇದೆ ಎಂಬುದನ್ನು ಹಡಗಿನಲ್ಲಿದ್ದ ಜಿಯೋರಾ ಪ್ರಾಸ್ಕುರೋವ್ಸ್ಕಿ ಗಮನಿಸಿದರು. ಗಾಳಿ ನಿಂತೊಡನೆ ಮೇಲ್ಮೈಯಲ್ಲಿ ಚೂರುಗಳು ಹೆಚ್ಚುತ್ತಿದ್ದವು. ಅಂದರೆ ಗಾಳಿ ಬೀಸುವಾಗ ಅಲೆಗಳು ಅವನ್ನು ಕೆಳಕ್ಕೆ ಕಲಕಿ ಬಲೆಯಿಂದ ಮರೆಮಾಡುತ್ತಿದ್ದವು. 2012ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ತೇಲುವ ಪ್ಲಾಸ್ಟಿಕ್ ಚೂರುಗಳ ಮೇಲೆಯೇ ಒಂದು ಸೂಕ್ಷ್ಮಜೀವಿ ಲೋಕ ನೆಲೆಸಿದೆ ಎಂದು ಎರಿಕ್ ಜೆಟ್ಲರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದೂ ಈ ಹಡಗುಗಳು ತಂದ ಮಾದರಿಗಳಿಂದಲೇ.

ಒಂದು ಸಮಾಧಾನದ ಸುದ್ದಿಯೂ ಈ ಲೆಕ್ಕದಲ್ಲಿತ್ತು. ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿ ಹೋಗುವ ಪ್ಲಾಸ್ಟಿಕ್ ಮಣಿಗಳು ವರ್ಷಗಳು ಕಳೆದಂತೆ ಬಲೆಯಲ್ಲಿ ಕಡಿಮೆಯಾಗಿದ್ದವು. ಸಾಗಣೆಯಲ್ಲಿ ಮಣಿಗಳು ಚೆಲ್ಲದಂತೆ ಉದ್ಯಮದವರು ಎಚ್ಚರ ವಹಿಸತೊಡಗಿದ್ದು ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದರು. ದಡದಲ್ಲಿ ಕೈ ಬಿಗಿ ಹಿಡಿದರೆ ನಡುಗಡಲಿಗೆ ಅದು ಗೊತ್ತಾಗುತ್ತದೆ!

ಶೂನ್ಯವನ್ನೂ ಬರೆದವರು

ಆ 6,100 ಎಳೆತಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿದ್ದು ಶೇಕಡಾ 62ರಲ್ಲಿ ಮಾತ್ರ. ಉಳಿದ ಶೇಕಡಾ 38 ಸಲ ನಿದ್ದೆಗಣ್ಣಿನ ವಿದ್ಯಾರ್ಥಿಗಳು ಬಲೆ ಎಳೆದು, ಹೆಕ್ಕಿ, ಹುಡುಕಿ, ಕೊನೆಗೆ ಪುಸ್ತಕದಲ್ಲಿ ಬರೆದದ್ದು 'ಶೂನ್ಯ' ಎಂದು. ಆ ಶೂನ್ಯಗಳು ಇಲ್ಲದಿದ್ದರೆ ಪ್ಲಾಸ್ಟಿಕ್ ಎಲ್ಲಿದೆ, ಎಲ್ಲಿಲ್ಲ ಎಂಬ ನಕ್ಷೆಯನ್ನೇ ಬರೆಯಲಾಗುತ್ತಿರಲಿಲ್ಲ.

ಪ್ರಯೋಗದ ರೆಕಾರ್ಡ್ ಪುಸ್ತಕ ಎಂದೊಡನೆ ಹಿಂದಿನ ವರ್ಷದವರ ಪುಸ್ತಕವನ್ನು ಹುಡುಕುವ ಅಭ್ಯಾಸ ಎಲ್ಲ ಕಡೆಯೂ ಇದೆ. ಬರಬೇಕಾದ ಉತ್ತರ ಮೊದಲೇ ಗೊತ್ತು. ಅಳತೆಯನ್ನು ಅದಕ್ಕೆ ಹೊಂದಿಸಿದರೆ ಅಂಕ ಖಚಿತ. ನಡುಗಡಲಿನಲ್ಲಿ ಹಿಂದಿನ ವರ್ಷದ ಪುಸ್ತಕ ಉಪಯೋಗಕ್ಕೆ ಬರುವುದಿಲ್ಲ. ಬಲೆಯಲ್ಲಿ ಏನಿದೆ ಎಂಬುದು ಯಾರಿಗೂ ಮೊದಲು ತಿಳಿದಿಲ್ಲ, ಶಿಕ್ಷಕರಿಗೂ ಸಹ. ಅಂಥ ಪ್ರಶ್ನೆಯೊಂದನ್ನು ಕೈಗಿತ್ತಾಗ, ಇಪ್ಪತ್ತು ವರ್ಷದವರು ರಾತ್ರಿ ಹನ್ನೆರಡಕ್ಕೂ ಪ್ರಾಮಾಣಿಕವಾಗಿ ಎಣಿಸುತ್ತಾರೆ ಎಂಬುದಕ್ಕೆ ಆ ದಾಖಲೆಗಳೇ ಸಾಕ್ಷಿ.

ಆ ಪ್ರಾಮಾಣಿಕತೆಯ ಬೆಲೆ ಮುಂದೆಯೂ ತಿಳಿಯಿತು. 2014-15ರಲ್ಲಿ ಕೆರಿಬಿಯನ್ ದ್ವೀಪಗಳ ಕಡಲತೀರಗಳಿಗೆ ಸರ್ಗಾಸಮ್ ಪಾಚಿ ರಾಶಿರಾಶಿಯಾಗಿ ಬಂದು ಬಿತ್ತು. ಅದು ಸರ್ಗಾಸೊ ಸಮುದ್ರದಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲ, ಹಿಂದೆ ಅಪರೂಪವಾಗಿದ್ದ ಇನ್ನೊಂದು ಬಗೆ ಎಂದು ಗುರುತಿಸಿದವರು ಇದೇ ಹಡಗಿನ ವಿಜ್ಞಾನಿಗಳು. ಹಳೆಯದು ಹೇಗಿತ್ತು ಎಂದು ಬರೆದಿಟ್ಟವರಿಗೆ ಮಾತ್ರ ಹೊಸದು ಯಾವುದೆಂದು ತಿಳಿಯುತ್ತದೆ.

ಆರು ವಾರ ಕಳೆದು ಹಡಗು ಬಂದರಿಗೆ ಬರುತ್ತಿತ್ತು. ಕೈಯಲ್ಲಿ ಹಗ್ಗ ಎಳೆದ ಗುರುತು, ಬಿಸಿಲಿಗೆ ಕಂದಿದ ಮುಖ, ನೆಲದ ಮೇಲೆ ನಿಂತರೂ ತೂಗಾಡುವ ಕಾಲು. ಪುಟ್ಟದಾಗಿ ಕುಗ್ಗಿದ ಥರ್ಮೊಕೋಲ್ ಲೋಟ ಹಿಡಿದು ಮಕ್ಕಳು ಇಳಿಯುತ್ತಿದ್ದರು. ಅವರಲ್ಲಿ ವಿಜ್ಞಾನಿಗಳಾದವರು ಕೆಲವರು. ಉಳಿದವರು ತಮ್ಮ ತಮ್ಮ ದಾರಿ ಹಿಡಿದರು. ಅವರು ಬರೆದ ಅಂಕಿಗಳು ಮಾತ್ರ ಹಡಗಿನ ದಾಖಲೆಯಲ್ಲಿಯೇ ಉಳಿದವು. ಇಳಿದವರ ಜಾಗಕ್ಕೆ ಹೊಸ ತಂಡ ಹತ್ತುತ್ತಿತ್ತು. ಅಂದು ರಾತ್ರಿ ಅಥವಾ ಮರುದಿನ ರಾತ್ರಿ ಮತ್ತೆ ಬಲೆ ನೀರಿಗಿಳಿಯುತ್ತಿತ್ತು. ಪುಸ್ತಕದ ಮುಂದಿನ ಸಾಲಿನಲ್ಲಿ ಇನ್ನೊಂದು ಸಂಖ್ಯೆ ಸೇರುತ್ತಿತ್ತು.